ಎಕ್ಸ್‌ಟ್ರಾ ಡ್ರೈ ಮತ್ತು ಡ್ರೈ ಜಾಮೂನು

ಬಾಟಲಿಯಿಂದ ನೊರೆ ಉಕ್ಕಿದರೆ ಅದನ್ನು ಶಾಂಪೇನ್ ಎಂದು ಬರೆಯುವುದು ನಮ್ಮ ಪತ್ರಿಕೆಗಳ ಹಳೆಯ ಚಾಳಿ. ಚಿಂತಾಮಣಿಯಲ್ಲಿ ಚುನಾವಣೆ ಗೆದ್ದವನು ಜೀಪಿನ ಮೇಲೆ ನಿಂತು ಕುಲುಕಿ ಚಿಮ್ಮಿಸಿದ್ದೂ ಶಾಂಪೇನ್, ಗೌರಿಬಿದನೂರಿನ ಕ್ರಿಕೆಟ್ ಪಂದ್ಯಾವಳಿಯಲ್ಲಿ ಗೆದ್ದ ತಂಡ ತಲೆಗೆ ಸುರಿದುಕೊಂಡದ್ದೂ ಶಾಂಪೇನ್. ಎರಡನೆಯದು ಸೇಬಿನ ರಸಕ್ಕೆ ಗ್ಯಾಸ್ ತುಂಬಿದ ಪಾನೀಯ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಬಾಟಲಿಯ ಮೇಲೆ ಹಾಗೆಂದೇ ಬರೆದಿತ್ತು. ವರದಿಗಾರ ಓದಿರಲಿಲ್ಲ. ನಾನು ಡೆಸ್ಕಿನಲ್ಲಿದ್ದಾಗ ಆ ಪದವನ್ನು ಹೊಡೆದುಹಾಕುತ್ತೇನೆ. ಅದು ಫ್ರಾನ್ಸಿನ ಒಂದು ಸೀಮೆಯ ಹೆಸರು. ಆ ಸೀಮೆಯ ದ್ರಾಕ್ಷಿಯಿಂದ, ಅಲ್ಲಿನ ಕ್ರಮದಂತೆ ಮಾಡಿದ್ದಕ್ಕೆ ಮಾತ್ರ ಅದು ಸಲ್ಲುತ್ತದೆ. ಉಳಿದದ್ದು ಸ್ಪಾರ್ಕ್ಲಿಂಗ್ ವೈನ್, ಇಲ್ಲವೇ ಬರೀ ನೊರೆ.

"ಓದೋರಿಗೆ ಇದೆಲ್ಲಾ ಬೇಕಾ ಮೇಡಂ?" ಎಂದು ವರದಿಗಾರ ಕೇಳಿದ.

"ಬೇಡ ಅಂದ್ರೆ ನೀನು ಬರೆಯೋದೂ ಬೇಡ ಕಣಪ್ಪ. 'ಬಾಟಲಿ ತೆರೆದರು' ಅಂತ ಹಾಕು. ಅಷ್ಟಂತೂ ನಿಜ ತಾನೇ?"

ದ್ರಾಕ್ಷಿ ನಮಗೆ ಹೊಸದಲ್ಲ. ಚಿಕ್ಕಬಳ್ಳಾಪುರದಿಂದ ಯಾವ ಕಡೆ ಹೊರಟರೂ ಕಲ್ಲುಕಂಬದ ಮೇಲೆ ಹಬ್ಬಿದ ಚಪ್ಪರ ಕಾಣುತ್ತದೆ. ವೈನ್ ಕಾರ್ಖಾನೆಗಳು ಬಂದದ್ದು ಆಮೇಲೆ, ಅವುಗಳ ಬೆನ್ನಿಗೇ ಪತ್ರಿಕಾಗೋಷ್ಠಿಗಳು. ಅಂಥವಕ್ಕೆ ನಾನು ಸಾಕಷ್ಟು ಹೋಗಿದ್ದೇನೆ. ಬೆಂಗಳೂರಿನಿಂದ ಬಂದ ಪರಿಣತನೊಬ್ಬ ಲೋಟದೊಳಗೆ ಮೂಗಿಟ್ಟು ಹಸಿರು ಸೇಬು, ಸುಟ್ಟ ಬ್ರೆಡ್ಡು, ಒದ್ದೆ ಕಲ್ಲು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ದ್ರಾಕ್ಷಿಯ ಹೆಸರು ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ. ಯಾರಾದರೂ "ಇನ್ನೊಂದು ಚೂರು ಸಿಹಿ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದರೆ ಅವನ ತುಟಿ ಓರೆಯಾಗುತ್ತದೆ. ಸಿಹಿ ಇಷ್ಟಪಡುವವರು ಇನ್ನೂ ಕಲಿಯುತ್ತಿರುವವರು, ಹುಳಿ ಕುಡಿದು ಹುಬ್ಬು ಗಂಟಿಕ್ಕದವರು ಕಲಿತವರು. ಇದು ಆ ಕೋಣೆಯ ಕಾನೂನು. ನನ್ನ ಪಕ್ಕದಲ್ಲಿ ಕುಳಿತ ಪತ್ರಕರ್ತರೂ ಹುಳಿ ನುಂಗಿ, ಮುಖ ಸಡಿಲ ಮಾಡಿ, "ಸೂಪರ್" ಎಂದು ತಲೆಯಾಡಿಸುತ್ತಿದ್ದರು. ಹೊರಗೆ ಬಂದು ಗಾಡಿ ಅಂಗಡಿಯಲ್ಲಿ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಸಿಕೊಂಡು ಟೀ ಕುಡಿಯುತ್ತಿದ್ದರು.

ಈ ವಿಷಯದಲ್ಲಿ ನನಗೆ ಗೊತ್ತಿರುವ ಅಷ್ಟಿಷ್ಟು ಗೋಷ್ಠಿಗಳಿಂದ ಬಂದದ್ದಲ್ಲ. ನನ್ನ ಅಣ್ಣನ ಮಗಳು, ನನಗೆ ಸೋದರಸೊಸೆ, ಬೆಟ್ಟದ ತಪ್ಪಲಿನ ಒಂದು ವೈನ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದವಳು. ಅಣ್ಣ ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಷ್ಟ್ರು. ಮಗಳು ಹೋಗಿ ವೈನ್ ಕಾರ್ಖಾನೆ ಸೇರಿದಾಗ ಅವನು ಸಹೋದ್ಯೋಗಿಗಳಿಗೆ "ಫುಡ್ ಲೈನ್" ಎಂದು ಹೇಳಿಕೊಂಡು ತಿರುಗಿದ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅಣ್ಣನಿಗೆ ಬದುಕಿನಲ್ಲಿ ಇಂಥ ನಡುವಿನ ಮಾತುಗಳು ಬಹಳ ಒಗ್ಗುತ್ತವೆ.

ಒಂದು ಭಾನುವಾರ ನಾನು ಕಾರ್ಖಾನೆಗೆ ಹೋಗಿದ್ದೆ. ನೊರೆ ಬರಿಸುವುದಕ್ಕೆ ಮೂರು ದಾರಿಗಳಿವೆ ಎಂದು ಸೊಸೆ ವಿವರಿಸಿದಳು. ಸುಲಭದ್ದು ಸೋಡಾ ಅಂಗಡಿಯ ದಾರಿ: ತಯಾರಾದ ವೈನಿಗೆ ಗ್ಯಾಸ್ ತುಂಬುವುದು. ಲೋಟಕ್ಕೆ ಸುರಿದಾಗ ದೊಡ್ಡ ಗುಳ್ಳೆಗಳು ಗದ್ದಲ ಮಾಡಿ ಬೇಗ ಸಾಯುತ್ತವೆ. ಎರಡನೆಯದರಲ್ಲಿ ದೊಡ್ಡ ಟ್ಯಾಂಕಿನಲ್ಲಿ ವೈನಿಗೆ ಮತ್ತೆ ಸಕ್ಕರೆ, ಈಸ್ಟ್ ಹಾಕಿ ಬಿಗಿಯಾಗಿ ಮುಚ್ಚುತ್ತಾರೆ. ಹುದುಗು ಬಂದಾಗ ಹುಟ್ಟಿದ ಗ್ಯಾಸ್ ಹೊರಗೆ ಹೋಗಲಾಗದೆ ವೈನಿನಲ್ಲೇ ಕರಗುತ್ತದೆ. ಹಣ್ಣಿನ ಘಮ ಉಳಿಯಬೇಕು ಎನ್ನುವವರಿಗೆ ಇದು ಸರಿ. ಮೂರನೆಯದು ಅದೇ ಕೆಲಸವನ್ನು ಒಂದೊಂದು ಬಾಟಲಿಯೊಳಗೂ ಮಾಡುವುದು. ತಿಂಗಳುಗಟ್ಟಲೆ ಮಲಗಿಸಿ, ಆಮೇಲೆ ತಲೆಕೆಳಗಾಗಿ ನಿಲ್ಲಿಸಿ, ದಿನವೂ ಚೂರುಚೂರೇ ತಿರುಗಿಸಿ ಈಸ್ಟಿನ ಗಸಿಯನ್ನು ಬಾಟಲಿಯ ಕತ್ತಿಗೆ ಇಳಿಸಬೇಕು. ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ಹಾರಿ ಹೊರಗೆ ಬೀಳುತ್ತದೆ.

"ಆಗ ಬಾಟ್ಲಿ ಸ್ವಲ್ಪ ಖಾಲಿ ಆಗತ್ತಲ್ಲ ಅತ್ತೆ, ಆ ಜಾಗಕ್ಕೆ ವೈನಲ್ಲಿ ಕರಗಿಸಿದ ಸಕ್ಕರೆ ಹಾಕ್ತೀವಿ. ಡೋಸೇಜ್ ಅಂತೀವಿ. ಎಷ್ಟು ಹಾಕ್ತೀವೋ ಅದರ ಮೇಲೆ ಹೆಸರು."

ಅವಳು ಹೆಸರುಗಳನ್ನು ಹೇಳಿದಳು. ಏನೂ ಹಾಕದಿದ್ದರೆ ಬ್ರೂಟ್ ನೇಚರ್. ಅದಕ್ಕಿಂತ ಒಂದು ಎಳೆ ಹೆಚ್ಚಾದರೆ ಎಕ್ಸ್‌ಟ್ರಾ ಬ್ರೂಟ್, ಆಮೇಲೆ ಬ್ರೂಟ್. ಅದಾದ ಮೇಲೆ ಎಕ್ಸ್‌ಟ್ರಾ ಡ್ರೈ.

"ತಡಿ," ಎಂದೆ. ವೈನಿನ ಭಾಷೆಯಲ್ಲಿ ಡ್ರೈ ಎಂದರೆ ಸಿಹಿ ಇಲ್ಲದ್ದು ಎಂದಷ್ಟೇ ನನಗೆ ಗೊತ್ತಿತ್ತು. "ಎಕ್ಸ್‌ಟ್ರಾ ಡ್ರೈ ಅಂದ್ರೆ ಎಲ್ಲಕ್ಕಿಂತ ಸಿಹಿ ಕಡಿಮೆ ಇರೋದಲ್ವಾ?"

"ಅಲ್ಲ. ಬ್ರೂಟ್‌ಗಿಂತ ಜಾಸ್ತಿ ಸಿಹಿ. ಎಲ್ಲಾರೂ ಇಲ್ಲೇ ಎಡವೋದು." ನಕ್ಕಳು. "ಇನ್ನೂ ಇದೆ ಕೇಳಿ. ಆಮೇಲೆ ಬರೋದು ಸೆಕ್. ಅದಕ್ಕೂ ಡ್ರೈ ಅಂತಾನೇ ಅರ್ಥ, ಅದು ಇನ್ನೂ ಸಿಹಿ. ಆಮೇಲೆ ಡೆಮಿ ಸೆಕ್. ಕಡೇಗೆ ಡೂ, ಪಾಯಸ ಇದ್ದಂಗೆ."

"ಯಾರಮ್ಮ ಈ ಹೆಸರಿಟ್ಟೋರು?"

"ಹಿಂದೆ ಎಲ್ಲಾನೂ ಪಾಯಸದಂಗೇ ಮಾಡ್ತಿದ್ರು. ಅದರ ಪಕ್ಕದಲ್ಲಿ ಚೂರು ಕಮ್ಮಿ ಸಿಹಿ ಇದ್ದಿದ್ದಕ್ಕೆ ಡ್ರೈ ಅಂದ್ರು. ಆಮೇಲೆ ಜನ ಇನ್ನೂ ಕಮ್ಮಿ ಕೇಳಿದ್ರು, ಅದಕ್ಕೆ ಬೇರೆ ಹೆಸರು ಬೇಕಾಯ್ತು. ಹಳೇ ಹೆಸರು ಹಂಗೇ ಉಳೀತು. ಹೊಸ ಬಸ್‌ಸ್ಟ್ಯಾಂಡ್ ಅಂತೀವಲ್ಲ, ಅದು ಹಳೇದಾಗಿ ಎಷ್ಟು ಕಾಲ ಆಯ್ತು?"

ಕೋಣೆಯ ತುದಿಯ ಒಂದು ಚೌಕಟ್ಟನ್ನು ಅವಳು ತೋರಿಸಿದಳು. ಅದರಲ್ಲಿ ಮಲಗಿದ್ದ ಬಾಟಲಿಗಳು ಅವಳ ಪಾಲಿನವು. ಯಾವ ತೋಟದ ಹಣ್ಣು, ಯಾವಾಗ ಕೊಯ್ಯಬೇಕು, ಕೊನೆಗೆ ಎಷ್ಟು ಸಕ್ಕರೆ ಎಂಬುದೆಲ್ಲವನ್ನೂ ಮೊದಲ ಸಲ ಅವಳಿಗೇ ಬಿಟ್ಟಿದ್ದರು. ಗಸಿ ತೆಗೆಯಲು ಇನ್ನೂ ಕಾಲವಿತ್ತು. ಅಷ್ಟರಲ್ಲಿ ಮನೆಯಲ್ಲಿ ಅವಳ ಮದುವೆಯ ಮಾತು ಶುರುವಾಯಿತು.

ಹುಡುಗನ ಕಡೆಯವರು ಮೂಲತಃ ನಗರಗೆರೆ ಕಡೆಯವರು, ಈಗ ಬೆಂಗಳೂರು. ಹುಡುಗ ಬ್ಯಾಂಕಿನಲ್ಲಿದ್ದಾನೆ. ತಂದೆ ಇಲ್ಲ, ಅವನ ದೊಡ್ಡಪ್ಪನೇ ಮನೆಗೆ ಹಿರಿಯರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಒಮ್ಮೆ ಯುರೋಪ್ ಪ್ರವಾಸ ಹೋಗಿ ಬಂದಿದ್ದರು ಎಂಬುದು ಅವರನ್ನು ಭೇಟಿಯಾದ ಪ್ರತಿಯೊಬ್ಬರಿಗೂ ಕುರ್ಚಿಯಲ್ಲಿ ಕೂರುವ ಮೊದಲೇ ತಿಳಿಯುತ್ತಿತ್ತು. ಹೆಣ್ಣು ನೋಡಲು ಬಂದ ದಿನ ಚಿತ್ರಾನ್ನದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಣ್ಣನಿಗೆ ಹೇಳಿದರು:

"ಮೇಷ್ಟ್ರೇ, ಎಲ್ಲಾ ಒಪ್ಪಿಗೆ. ಆದ್ರೆ ಮದುವೆ ಆದ್ಮೇಲೆ ಹುಡುಗಿ ಆ ವೈನ್ ಕೆಲಸ ಬಿಡ್ಬೇಕಾಗ್ತದೆ. ನಾವು ಬುದ್ಧನ ಪಂಚಶೀಲ ಹೇಳೋ ಜನ. ನಾಳೆ ನಾಲ್ಕು ಜನ ಸೊಸೆ ಏನ್ ಮಾಡ್ತಾಳೆ ಅಂತ ಕೇಳಿದ್ರೆ ಹೆಂಡ ಕಾಯಿಸ್ತಾಳೆ ಅನ್ನೋಕಾಗ್ತದಾ?"

ಅಣ್ಣ ಹೇಳಿದ್ದು: "ಆಮೇಲೆ ನೋಡೋಣ ಬಿಡಿ ಸಾರ್."

ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಅಂಗಡಿಯವನಿಗೆ ಹೇಳಿದರೆ ಬೇಡ ಎಂದು. ಬೀಗರಾಗುವವರಿಗೆ ಹೇಳಿದರೆ ಸರಿ ಎಂದು. ದೊಡ್ಡಪ್ಪ ಸರಿ ಎಂದು ಕೇಳಿಸಿಕೊಂಡು ಹೋದರು. ಒಳಗಿನ ಕೋಣೆಯಿಂದ ಕೇಳಿಸಿಕೊಂಡ ಸೊಸೆ ಅಪ್ಪ ಬೇಡ ಅಂದರು ಎಂದು ತಿಳಿದು ನೆಮ್ಮದಿಯಾಗಿದ್ದಳು. ಯಾವುದು ನಿಜ ಎಂದು ನಾನು ಅಣ್ಣನನ್ನು ಕೇಳಿದೆ. "ನಿಂದೊಳ್ಳೆ ಕಥೆ. ಇದೇನು ನಿಮ್ಮ ಪೇಪರ್ರಾ, ಇವತ್ತೇ ಅಚ್ಚಾಗ್ಬೇಕಾ?" ಎಂದ. ಸುದ್ದಿಮನೆಯಲ್ಲಿ ಇಂಥ ಉತ್ತರ ತಂದ ವರದಿಗಾರನನ್ನು ವಾಪಸ್ಸು ಕಳಿಸುತ್ತೇವೆ. ಮನೆಯಲ್ಲಿ ಅಣ್ಣನನ್ನು ಎಲ್ಲಿಗೆ ಕಳಿಸುವುದು?

ಹೀಗೆ ಅವಳ ಕೆಲಸ ಇರುವುದೋ ಹೋಗುವುದೋ ಎಂಬುದು ತೀರ್ಮಾನವಾಗದೆಯೇ ನಿಶ್ಚಿತಾರ್ಥದ ದಿನ ಬಂತು.

ಪೆರೇಸಂದ್ರ ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ಹಾಲ್. ನಮ್ಮ ತಂದೆಯ ಕಾಲಕ್ಕೇ ನಮ್ಮ ಮನೆ ಬುದ್ಧನ ದಾರಿಗೆ ಬಂದಿತ್ತು, ಶುಭಕಾರ್ಯಗಳಿಗೆ ಪುರೋಹಿತರಿಲ್ಲ. ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿ, ಪಂಚಶೀಲ ಹೇಳಿ, ಹಿರಿಯರೊಬ್ಬರು ಎದ್ದು ನಿಂತು ಮಾತು ಹೇಳುತ್ತಾರೆ. ಆಮೇಲೆ ಎಲೆ ಅಡಿಕೆಯ ತಟ್ಟೆ ಬದಲಾಯಿಸುತ್ತಾರೆ. ತಟ್ಟೆ ಬದಲಾದರೆ ಮಾತು ಮುಗಿಯಿತು. ಅಲ್ಲಿಂದ ಹಿಂದೆ ಸರಿಯುವಂತಿಲ್ಲ. ಅದಾದ ಕೂಡಲೇ ಬಾಯಿ ಸಿಹಿ. ಅತ್ತಿಗೆ ಅದಕ್ಕೆಂದು ಶಿಡ್ಲಘಟ್ಟದ ಅಂಗಡಿಯಿಂದ ಡ್ರೈ ಜಾಮೂನು ತರಿಸಿದ್ದರು. ಪಾಕದ ಜಾಮೂನಾದರೆ ಹೆಂಗಸರ ರೇಷ್ಮೆ ಸೀರೆಗೆ ಸೋರುತ್ತದೆ ಎಂಬುದು ಅವರ ಲೆಕ್ಕಾಚಾರ. ಒಣ ಕೊಬ್ಬರಿ ಪುಡಿಯಲ್ಲಿ ಹೊರಳಿಸಿದ ಜಾಮೂನುಗಳು ಪುಟ್ಟ ಡಬ್ಬಿಗಳಲ್ಲಿ ಸಾಲಾಗಿ ಕುಳಿತಿದ್ದವು.

ದೊಡ್ಡಪ್ಪ ಬಂದರು. ಅವರ ಕಾರಿನ ಡಿಕ್ಕಿಯಿಂದ ಒಂದು ರಟ್ಟಿನ ಪೆಟ್ಟಿಗೆಯೂ ಇಳಿಯಿತು. ಅದರಲ್ಲಿ ಸ್ಪಾರ್ಕ್ಲಿಂಗ್ ವೈನಿನ ಬಾಟಲಿಗಳು.

ಅತ್ತಿಗೆಯ ಮುಖ ಇಳಿಯಿತು. "ಇದೇನ್ರೀ ಇದು, ಬುದ್ಧನ ಫೋಟೋ ಮುಂದೆ?" ಎಂದು ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು. ದೊಡ್ಡಪ್ಪನಿಗೆ ಕೇಳಿಸಿತು.

"ಅಯ್ಯೋ, ಗಾಬರಿ ಆಗ್ಬೇಡಿ ತಾಯಿ. ಇದು ಹೆಂಡ ಅಲ್ಲ, ಸ್ಪಾರ್ಕ್ಲಿಂಗ್. ಲೇಡೀಸ್ ಡ್ರಿಂಕ್. ಯುರೋಪಲ್ಲಿ ಬೆಳಿಗ್ಗೆ ತಿಂಡಿಗೇ ಕೊಡ್ತಾರೆ. ಫೋಟೋಗೆ ಬಿರಡೆ ಹಾರ್ಸೋ ಒಂದು ಪಾಪ್ ಇರ್ಲಿ ಅಂತ."

ಅಣ್ಣ ಅತ್ತಿಗೆಗೆ ಹೇಳಿದ ಮಾತು ನನಗೂ ಕೇಳಿಸಿತು: "ಆಮೇಲೆ ನೋಡೋಣ ಬಿಡು."

ಪಂಚಶೀಲವನ್ನು ದೊಡ್ಡಪ್ಪನೇ ಹೇಳಿಸಿದರು. ಒಳ್ಳೆಯ ಕಂಠ, ತಪ್ಪಿಲ್ಲದ ಉಚ್ಚಾರಣೆ. ಐದನೆಯದು ಮತ್ತೇರಿಸುವ ಪಾನೀಯಗಳಿಂದ ದೂರವಿರುವ ಮಾತು. ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿಸಿದರು, ನಾವೆಲ್ಲ ಹೇಳಿದೆವು. ಕೈ ಮುಗಿದು ಎದ್ದವರು ನೇರವಾಗಿ ಪೆಟ್ಟಿಗೆಯ ಕಡೆಗೆ ನಡೆದರು. ಫೋಟೋದವನು ಈಗ ಬೆಳಕು ಚೆನ್ನಾಗಿದೆ, ತಟ್ಟೆ ಶಾಸ್ತ್ರಕ್ಕೆ ಮೊದಲೇ ಪಾಪ್ ಮುಗಿಸೋಣ ಎಂದಿದ್ದ. ಇವರಿಗೂ ಅದೇ ಬೇಕಿತ್ತು.

ಬಾಟಲಿಗಳು ಬೆಂಗಳೂರಿನಿಂದ ಡಿಕ್ಕಿಯಲ್ಲಿ ಬಿಸಿಲು ಕಾಯಿಸಿಕೊಂಡು ಬಂದಿದ್ದವು. ಸ್ಪಾರ್ಕ್ಲಿಂಗ್ ವೈನನ್ನು ಚೆನ್ನಾಗಿ ತಣ್ಣಗೆ ಮಾಡದೆ ತೆರೆಯಬಾರದು. ಬೆಚ್ಚಗಿದ್ದರೆ ಒಳಗಿನ ಗ್ಯಾಸ್ ಒಟ್ಟಿಗೆ ನುಗ್ಗುತ್ತದೆ. ಬಿರಡೆಯನ್ನು ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಬೇಕು, ಸಣ್ಣ ಉಸಿರಿನಂಥ ಸದ್ದಷ್ಟೇ ಬರಬೇಕು. ಸೊಸೆ ಮುಂದೆ ಬಂದು, "ಅಂಕಲ್, ಐಸಲ್ಲಿ ಸ್ವಲ್ಪ ಹೊತ್ತು ಇಟ್ಟು..." ಎನ್ನುವಷ್ಟರಲ್ಲಿ ದೊಡ್ಡಪ್ಪ ತಂತಿ ಬಿಚ್ಚಿ, ಬಾಟಲಿಯನ್ನು ಎರಡು ಸಲ ಕುಲುಕಿಯೂ ಆಗಿತ್ತು. ಬಿರಡೆ ಸೀಲಿಂಗ್ ಫ್ಯಾನಿಗೆ ಹೊಡೆಯಿತು. ಅರ್ಧ ಬಾಟಲಿ ಅಣ್ಣನ ಬಿಳಿ ಶರ್ಟಿನ ಮೇಲೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಿದ.

ಉಳಿದದ್ದನ್ನು ಲೋಟಗಳಿಗೆ ಸುರಿಯುತ್ತಾ ದೊಡ್ಡಪ್ಪ ಪಾಠ ಶುರು ಮಾಡಿದರು. ಬಿಳಿ ಇದ್ದರೆ ಡ್ರೈ, ಪಿಂಕ್ ಇದ್ದರೆ ಸ್ವೀಟ್ ಎಂದರು. ಬಣ್ಣಕ್ಕೂ ಸಿಹಿಗೂ ಸಂಬಂಧವೇ ಇಲ್ಲ. ಗುಲಾಬಿ ಬಣ್ಣ ದ್ರಾಕ್ಷಿಯ ಸಿಪ್ಪೆಯಿಂದ ಬರುತ್ತದೆ, ಸಕ್ಕರೆಯಿಂದಲ್ಲ. ಕರಿ ದ್ರಾಕ್ಷಿಯಿಂದ ಬಿಳಿ ವೈನೂ ಆಗುತ್ತದೆ, ಗುಲಾಬಿಯದರಲ್ಲಿ ಚೂರೂ ಸಿಹಿಯಿಲ್ಲದ ಬ್ರೂಟೂ ಸಿಗುತ್ತದೆ. ಗುಳ್ಳೆ ದೊಡ್ಡದಿದ್ದಷ್ಟೂ ಒಳ್ಳೆಯ ಮಾಲು ಎಂದರು. ಅದೂ ತಲೆಕೆಳಗು. ಆಮೇಲೆ ಲೇಬಲನ್ನು ನಮ್ಮ ಕಡೆ ತಿರುಗಿಸಿ ಹಿಡಿದರು.

"ನೋಡಿ, ಎಕ್ಸ್‌ಟ್ರಾ ಡ್ರೈ. ಬರೀ ಡ್ರೈ ಅಲ್ಲ, ಎಕ್ಸ್‌ಟ್ರಾ. ಟಾಪ್ ಕ್ಲಾಸು. ಒಂದು ಗ್ರಾಮ್ ಸಕ್ಕರೆ ಇಲ್ಲ ಇದರಲ್ಲಿ. ನಿಮ್ಮ ಕಡೆ ನಾಲಿಗೆಗೆ ಸ್ವಲ್ಪ ಕಷ್ಟ ಆಗ್ಬಹುದು. ಒಬ್ಬಟ್ಟು ತಿನ್ನೋ ನಾಲಿಗೆ ನೋಡಿ."

ನಮ್ಮ ಕಡೆಯವರಾರೂ ಲೋಟ ಮುಟ್ಟಲಿಲ್ಲ. ಹುಡುಗನ ತಾಯಿ ಒಂದು ಲೋಟ ಮುಗಿಸಿ ಎರಡನೆಯದನ್ನು ಹಿಡಿದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಡ್ರೈ ಎಂದ ಮೇಲೆ ಸಕ್ಕರೆ ಇಲ್ಲ, ಧೈರ್ಯವಾಗಿ ಕುಡಿ ಎಂದು ಅವರ ಭಾವ, ಈ ದೊಡ್ಡಪ್ಪನೇ, ಕೊಟ್ಟದ್ದು. ಎರಡನೆಯ ಲೋಟ ಅರ್ಧವಾಗುವಷ್ಟರಲ್ಲಿ ಆಕೆ ನಿಂತರು. ಆಂಧ್ರದ ಗಡಿಯ ಹೆಣ್ಣುಮಗಳು. ಆಶ್ಚರ್ಯವಾದಾಗ ಬಾಯಿಗೆ ಮೊದಲು ಬರುವುದು ತೆಲುಗು.

"ತಿಯ್ಯಗಾ ಉಂದೇ!" ಎಂದರು. ಸಿಹಿಯಾಗಿದೆಯಲ್ಲ ಎಂದು. ಆಮೇಲೆ ಕನ್ನಡದಲ್ಲಿ, "ಭಾವಾ, ಇದು ಸಿಹಿ ಇದೆ."

"ಇಲ್ಲಮ್ಮ, ಡ್ರೈ ಅದು."

"ನನ್ನ ನಾಲಿಗೆ ನಂಗೆ ಹೇಳಲ್ವಾ? ಸಿಹಿ ಇದೆ."

"ಬರೆದಿದೆಯಲ್ಲ, ಓದು."

"ನಾನು ಕುಡೀತಿರೋದು ಲೇಬಲ್ಲಾ?" ಎಂದು ಆಕೆ ಸೊಸೆಯ ಕಡೆ ತಿರುಗಿದರು. "ನೀನು ಇದೇ ಕೆಲಸದಲ್ಲಿದ್ದೀಯಲ್ಲಮ್ಮ, ನೀನು ಹೇಳು."

ಸೊಸೆ ಅಪ್ಪನ ಮುಖ ನೋಡಿದಳು. ಅಣ್ಣ ಶರ್ಟು ಒರೆಸಿಕೊಳ್ಳುತ್ತಿದ್ದ.

"ಸಿಹಿ ಇದೆ ಆಂಟಿ. ಎಕ್ಸ್‌ಟ್ರಾ ಡ್ರೈ ಅಂದ್ರೆ ಬ್ರೂಟ್‌ಗಿಂತ ಸಕ್ಕರೆ ಜಾಸ್ತಿ. ಹೆಸರು ಹಂಗಿದೆ ಅಷ್ಟೇ. ತಣ್ಣಗಿದ್ದಿದ್ರೆ ಇಷ್ಟು ಗೊತ್ತಾಗ್ತಿರ್ಲಿಲ್ಲ, ಬೆಚ್ಚಗಿದೆ ನೋಡಿ, ಸಿಹಿ ಎದ್ದು ಕಾಣ್ತಿದೆ."

ದೊಡ್ಡಪ್ಪ ಜೋರಾಗಿ ನಕ್ಕರು. "ಏನಮ್ಮ, ನಮಗೇ ಡ್ರೈ ಅಂದ್ರೇನು ಅಂತ ಹೇಳ್ಕೊಡ್ತೀಯಾ? ಡ್ರೈ ಅಂದ್ಮೇಲೆ ಸಕ್ಕರೆ ಎಲ್ಲಿಂದ ಬಂತು?"

ಅವಳು ಮೇಜಿನ ಮೇಲಿದ್ದ ಡಬ್ಬಿಯೊಂದನ್ನು ತೆರೆದು ಅವರ ಮುಂದೆ ಹಿಡಿದಳು. "ಇದು ಡ್ರೈ ಜಾಮೂನು ಅಂಕಲ್. ಇದರಲ್ಲಿ ಸಕ್ಕರೆ ಇಲ್ವಾ?"

ನಮ್ಮ ಕಡೆಯ ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಸದ್ದನ್ನು ಹುಡುಗನ ತಾಯಿ ತಡೆಯಲಾರದೆ ಪೂರ್ತಿ ನಗೆಯಾಗಿಸಿಬಿಟ್ಟರು. ಬೇರೆ ಯಾರು ನಕ್ಕಿದ್ದರೂ ದೊಡ್ಡಪ್ಪ ನುಂಗಿಕೊಳ್ಳುತ್ತಿದ್ದರೇನೋ. ಸ್ವಂತ ತಮ್ಮನ ಹೆಂಡತಿ ನಕ್ಕದ್ದು ಅವರಿಗೆ ತಡೆಯಲಾಗಲಿಲ್ಲ. ಲೋಟವನ್ನು ಮೇಜಿಗೆ ಕುಕ್ಕಿದರು.

"ಅದಕ್ಕೇ ನಾನು ಹೇಳಿದ್ದು ಈ ಕೆಲಸ ಬೇಡ ಅಂತ. ಹೆಂಡದ ಸಹವಾಸ, ಹಿರಿಯರಿಗೆ ಮರ್ಯಾದೆ ಇಲ್ಲ. ಇರ್ಲಿ, ಹೆಂಗೂ ಬಿಡ್ತಾಳಲ್ಲ. ನಿಮ್ಮಪ್ಪ ಒಪ್ಪಿದಾರೆ."

"ಒಪ್ಪಿದ್ರಾ ಅಪ್ಪ?" ಎಂದಳು.

ಹಾಲಿನಲ್ಲಿದ್ದವರೆಲ್ಲ ಅಣ್ಣನನ್ನು ನೋಡಿದರು. ಮಕ್ಕಳಿಗೆ ಜೀವಮಾನವಿಡೀ ಸ್ಪಷ್ಟವಾಗಿ ಉತ್ತರ ಬರೆಯಿರಿ ಎಂದು ಹೇಳುತ್ತಾ ಬಂದ ಮನುಷ್ಯ.

"ನಾನು... ಆಮೇಲೆ ನೋಡೋಣ ಅಂದಿದ್ದೆ ಕಣಮ್ಮ."

"ಅಂದ್ರೆ ಒಪ್ಪಿದಂಗೇ ಅಲ್ವಾ ಮೇಷ್ಟ್ರೇ?" ಎಂದರು ದೊಡ್ಡಪ್ಪ.

"ಅಂದ್ರೆ ಬೇಡ ಅಂದಂಗೆ ಅಲ್ವಾ ಅಪ್ಪ?" ಎಂದಳು ಮಗಳು.

ಅಣ್ಣ ಮತ್ತೆ ಶರ್ಟು ಒರೆಸಿಕೊಳ್ಳತೊಡಗಿದ. ಆಗ ದೊಡ್ಡಪ್ಪ ಐದನೆಯ ಶೀಲವನ್ನು ಎತ್ತಿಕೊಂಡರು. ಬುದ್ಧನ ದಾರಿಯಲ್ಲಿ ನಡೆಯುವ ಮನೆಯ ಸೊಸೆ ದಿನವೂ ವೈನ್ ಬಾಯಿಗೆ ಹಾಕಿಕೊಳ್ಳುವುದು ಯಾವ ನ್ಯಾಯ, ಇಲ್ಲಿ ನಿಂತು ಈಗಷ್ಟೇ ಹೇಳಿದ ಮಾತಿಗೆ ಏನು ಬೆಲೆ ಎಂದು ಐದು ನಿಮಿಷ ಮಾತಾಡಿದರು. ಅವರ ಮೀಸೆಯ ತುದಿಯಲ್ಲಿ ನೊರೆ ಇನ್ನೂ ಆರಿರಲಿಲ್ಲ.

ಸೊಸೆ ಪೂರ್ತಿ ಕೇಳಿಸಿಕೊಂಡಳು. ದನಿ ಏರಿಸಲಿಲ್ಲ.

"ನಾನು ಬಾಯಿಗೆ ಹಾಕ್ಕೊಂಡು ಉಗೀತೀನಿ ಅಂಕಲ್. ಲ್ಯಾಬಲ್ಲಿ ಎಲ್ಲಾರೂ ಉಗಿಯೋದೇ. ನೀವು ನುಂಗ್ತೀರ."

ಅವಳು ಹುಡುಗನ ಕಡೆ ತಿರುಗಿದಳು. ಅಷ್ಟು ಹೊತ್ತೂ ಅವನು ಸ್ಟೇಜಿನ ಸೋಫಾದ ಮೇಲೆ, ಫೋಟೋದವನು ಕೂರಿಸಿದ ಭಂಗಿಯಲ್ಲೇ ಕುಳಿತಿದ್ದ.

"ನೀವು ಹೇಳಿ. ನಿಮಗೂ ನಾನು ಕೆಲಸ ಬಿಡ್ಬೇಕಾ? ಫೋನಲ್ಲಿ ಹಂಗೇನೂ ಹೇಳಿರ್ಲಿಲ್ವಲ್ಲ."

ಹುಡುಗ ದೊಡ್ಡಪ್ಪನನ್ನು ನೋಡಿದ, ತಾಯಿಯನ್ನು ನೋಡಿದ, ಕೈಯಲ್ಲಿದ್ದ ಲೋಟವನ್ನು ನೋಡಿದ. "ಇಲ್ಲ, ನಂಗೇನಿಲ್ಲ... ದೊಡ್ಡಪ್ಪ ಹೇಳಿದ್ಮೇಲೆ... ಈಗ ತಟ್ಟೆ ಶಾಸ್ತ್ರ ಮುಗಿಸೋಣ, ಇದೆಲ್ಲ ಆಮೇಲೆ..."

ಅವನು ಆ ವಾಕ್ಯವನ್ನು ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ, ಉಳಿದ ಪದ ಯಾವುದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೊಸೆ ಒಂದು ಕ್ಷಣ ತನ್ನ ಅಪ್ಪನನ್ನೂ ಆ ಹುಡುಗನನ್ನೂ ಒಟ್ಟಿಗೆ ನೋಡಿದಳು. ಆಮೇಲೆ ಎಲೆ ಅಡಿಕೆಯ ತಟ್ಟೆಯನ್ನು ಅತ್ತಿಗೆಯ ಕೈಗೆ ಕೊಟ್ಟಳು.

"ಅಮ್ಮ, ಇದನ್ನ ಒಳಗಿಡಿ. ಬದಲಾಯಿಸೋದು ಬೇಡ."

ನಾನು ಅನೇಕ ರಾಜಿ ಪಂಚಾಯಿತಿಗಳನ್ನು ವರದಿ ಮಾಡಿದ್ದೇನೆ. ಅಂಥ ಮಾತಿನ ನಂತರ ಸಾಮಾನ್ಯವಾಗಿ ಒಂದು ಗಂಟೆ ಗದ್ದಲ ಇರುತ್ತದೆ. ಇಲ್ಲೂ ಇತ್ತು. ಅದರಲ್ಲಿ ದಾಖಲಿಸುವಂಥದ್ದು ಏನೂ ಇರಲಿಲ್ಲ. ದೊಡ್ಡಪ್ಪ ತಮ್ಮ ಸೇವಾವಧಿಯಲ್ಲಿ ಯಾರೂ ಹೀಗೆ ಮಾತಾಡಿರಲಿಲ್ಲ ಎಂದರು, ಅದನ್ನು ನಂಬಬಹುದು. ಊಟ ಬೇಡವೆಂದು ಹೊರಟರು. ಹೊರಡುವಾಗ ತೆರೆಯದ ಬಾಟಲಿಗಳನ್ನು ಪೆಟ್ಟಿಗೆಗೆ ಹಾಕಿಸಿ ಡಿಕ್ಕಿಗೆ ಏರಿಸುವುದನ್ನು ಮರೆಯಲಿಲ್ಲ. ಐದನೆಯ ಶೀಲವನ್ನು ಮಾತ್ರ ಹಾಲಿನಲ್ಲೇ ಬಿಟ್ಟುಹೋದರು.

ಹುಡುಗನ ತಾಯಿ ಕಾರಿನವರೆಗೆ ಹೋಗಿ ಮತ್ತೆ ಒಳಗೆ ಬಂದರು. ಸೊಸೆಯ ಮೊಣಕೈ ಹಿಡಿದು ಮೆಲ್ಲಗೆ ಕೇಳಿದರು.

"ಒಂದೂವರೆ ಲೋಟ ಕುಡ್ದ್‌ಬಿಟ್ಟೆನಲ್ಲಮ್ಮ, ಶುಗರ್ ಏರಿ ಏನಾದ್ರೂ ಆಗ್ತದಾ?"

"ಅದರಲ್ಲಿರೋ ಸಕ್ಕರೆ ಅರ್ಧ ಒಬ್ಬಟ್ಟಿಗಿಂತ ಕಮ್ಮಿ ಆಂಟಿ, ಹೆದರ್ಬೇಡಿ. ಆದ್ರೆ ಖಾಲಿ ಹೊಟ್ಟೇಲಿ ಹೋಗ್ಬೇಡಿ, ಮಾತ್ರೆ ಬೇರೆ ತಗೊಂಡಿರ್ತೀರ. ಎರಡು ತುತ್ತು ಊಟ ಮಾಡಿ."

ಹೊರಗೆ ಹಾರ್ನ್ ಬಡಿಯುತ್ತಲೇ ಇತ್ತು. ಆಕೆ ಕುಳಿತು ಮುದ್ದೆ ಸಾರು ಉಂಡು, ಕೈ ತೊಳೆದು, ಸೊಸೆಯ ತಲೆ ಸವರಿ ಹೋದರು. ಆ ಕಡೆಯಿಂದ ಆ ದಿನ ನೆಟ್ಟಗೆ ನಡೆದುಕೊಂಡದ್ದು ಅವರೊಬ್ಬರೇ.

ಉಳಿದ ಜಾಮೂನು ಡಬ್ಬಿಗಳನ್ನು ಸೊಸೆ ಸೋಮವಾರ ಕಾರ್ಖಾನೆಗೆ ಒಯ್ದಳು. ಅಣ್ಣ ಹಲವು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟೋ ನಾಚಿಕೆಯೋ ಎಂದು ಅತ್ತಿಗೆ ನನ್ನನ್ನು ಕೇಳಿದರು. ಎರಡರ ನಡುವಿನದು ಏನೋ ಇರಬೇಕು, ಅವನಿಗೆ ಅದೇ ಅಭ್ಯಾಸ ಎಂದೆ.

ಕಾಲ ಬಂದಾಗ ಅವಳ ಬಾಟಲಿಗಳ ಗಸಿ ತೆಗೆದರು. ಎಷ್ಟು ಸಕ್ಕರೆ ಎಂದು ತೀರ್ಮಾನಿಸುವ ಮೊದಲು ಅವಳು ಬೇರೆ ಬೇರೆ ಪ್ರಮಾಣ ಹಾಕಿ ಕಾರ್ಖಾನೆಯವರಿಗೆಲ್ಲ ರುಚಿ ತೋರಿಸಿದ್ದಳು. ಬೆಂಗಳೂರಿನ ಪರಿಣತ ಬ್ರೂಟ್ ನೇಚರ್ ಆಗಲಿ ಎಂದ. ಅವಳು ಒಪ್ಪಲಿಲ್ಲ. ಆ ವರ್ಷದ ಹಣ್ಣಿನ ಹುಳಿ ಜೋರಾಗಿತ್ತು, ಸಕ್ಕರೆ ಬೇಕಿತ್ತು. ಕೊನೆಗೆ ಎಕ್ಸ್‌ಟ್ರಾ ಡ್ರೈ ಮಾಡಿದಳು. ಸಿಹಿ ಎಂದರೆ ತುಟಿ ಓರೆ ಮಾಡುವ ಆ ಮನುಷ್ಯ ಎಕ್ಸ್‌ಟ್ರಾ ಡ್ರೈ ಎಂಬ ಹೆಸರು ಕೇಳಿ, "ಬೋಲ್ಡ್ ಚಾಯ್ಸ್" ಎಂದು ಮೆಚ್ಚಿಕೊಂಡನಂತೆ.

ಕಾರ್ಖಾನೆ ನೋಡಲು ಬರುವವರಿಗಾಗಿ ಬಾಟಲಿಯ ಪಕ್ಕದಲ್ಲಿ ಇಡುವ ಫಲಕವನ್ನು ಕನ್ನಡದಲ್ಲೂ ಬರೆಯಬೇಕಿತ್ತು. ಒಂದು ಭಾನುವಾರ ಅಣ್ಣನ ಮನೆಯಲ್ಲಿ ಕುಳಿತು ಅವಳು ಕೇಳಿದಳು.

"ಅತ್ತೆ, ಎಕ್ಸ್‌ಟ್ರಾ ಡ್ರೈಗೆ ಕನ್ನಡದಲ್ಲಿ ಏನು ಹಾಕಲಿ? ಆಫೀಸವರು 'ಹೆಚ್ಚು ಒಣ' ಅಂತ ಬರೆದಿದಾರೆ."

"ಬಾಟ್ಲಿ ಒಳಗೆ ಒಣಗಿರೋದು ಏನಿದೆ? ಹೊಡೆದುಹಾಕು. ಇರೋದನ್ನ ಬರಿ."

ಅವಳು ಬರೆದದ್ದು ಇಷ್ಟು: 'ಎಕ್ಸ್‌ಟ್ರಾ ಡ್ರೈ. ಹೆಸರು ಹಾಗಿದ್ದರೂ ತುಸು ಸಿಹಿ ಇದೆ.' ನಾನು ಓದಿದೆ. ಎಲ್ಲೂ ಪೆನ್ನು ಇಡಬೇಕಾಗಲಿಲ್ಲ.

ಅಣ್ಣ ಕನ್ನಡಕ ಏರಿಸಿಕೊಂಡು ಅದನ್ನೇ ಓದುತ್ತಿದ್ದಾಗ ಫೋನ್ ಬಂತು. ಸಾದಲಿ ಕಡೆಯ ಮದುವೆ ದಲ್ಲಾಳಿ. ಒಳ್ಳೆಯ ಸಂಬಂಧವೊಂದಿದೆ, ಲೆಕ್ಚರರ್ ಹುಡುಗ, ಆದರೆ ಅವರದ್ದೂ ಆ ಕೆಲಸದ ಬಗ್ಗೆ ಒಂದು ಮಾತಿದೆ ಎಂದು ಆತ ಹೇಳುವುದು ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸುತ್ತಿತ್ತು.

"ಕೆಲಸ ಏನಾದ್ರೂ ಬಿಡೋ ಯೋಚನೆ ಇದೆಯಾ ಮೇಷ್ಟ್ರೇ?"

ಅಣ್ಣ ಬಾಯಿ ತೆರೆದ. ಯಾವ ಮಾತು ಬರುತ್ತದೆಂದು ಅತ್ತಿಗೆಗೆ ಗೊತ್ತಿತ್ತು. ತಲೆ ತಗ್ಗಿಸಿ ಹುರುಳಿಕಾಯಿ ಬಿಡಿಸತೊಡಗಿದರು. ಸೊಸೆ ಫಲಕದ ಹಾಳೆಯಿಂದ ಕಣ್ಣೆತ್ತಲಿಲ್ಲ.

"ಬಿಡಲ್ಲ," ಎಂದ ಅಣ್ಣ. ಆ ಕಡೆಯವನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಹೇಳಿದ. "ವೈನ್ ಫ್ಯಾಕ್ಟರೀಲಿ ಇದಾಳೆ. ಬಿಡಲ್ಲ."